ಪೆಡಲ್ ಸ್ಟೀಲ್ ಕೇಳೋದು ಹೇಗೆ: ಯಾವ ಸ್ವರ ನಿಂತಿದೆ, ಯಾವುದು ನಡೀತಿದೆ

ಹಳೇ ಕಂಟ್ರಿ ಹಾಡು, ಅಂದ್ರೆ ಅಮೆರಿಕದ ಹಳ್ಳಿ ಕಡೆಯ ಹಾಡು, ಹಾಕಿದ್ರೆ ಹಾಡೋರ ಹಿಂದೆ ಯಾರೋ ಬಿಕ್ಕೋ ಹಾಗೆ, ಜಾರ್ಕೊಂಡು ಜಾರ್ಕೊಂಡು ಹೋಗೋ ಒಂದು ದನಿ ಬರತ್ತಲ್ಲ, ಅದೇ ಪೆಡಲ್ ಸ್ಟೀಲ್ ಗಿಟಾರ್. ತುಂಬಾ ಜನ ಕೇಳಿರ್ತಾರೆ, ಚೆನ್ನಾಗಿದೆ ಅಂತಾರೆ, ಅಲ್ಲಿಗೆ ಬಿಟ್ಬಿಡ್ತಾರೆ. ಆದ್ರೆ ನುಡಿಸೋರು ಆ ಹೊತ್ತಲ್ಲಿ ಏನೇನು ಮಾಡ್ತಿದಾರೆ, ಅದರಲ್ಲಿ ಯಾವುದು ಕೈಯಳತೆಯ ಕೆಲಸ, ಯಾವುದು ಇಪ್ಪತ್ತು ವರ್ಷದ ಸಾಧನೆ, ಎಲ್ಲಿ ಕೂತಲ್ಲೇ ಶಭಾಷ್ ಅನ್ನಬೇಕು ಅಂತ ಗೊತ್ತಾದ್ಮೇಲೆ ಕೇಳೋ ಸುಖಾನೇ ಬೇರೆ. ಅದನ್ನ ಹಂಚ್ಕೊಳ್ಳೋಣ ಅಂತ ಬರೀತಿದೀನಿ. ನೀವು ಗಿಟಾರ್ ಕಲಿತಿರಬೇಕಿಲ್ಲ, ಸರಿಗಮ ಗೊತ್ತಿದ್ರೆ ಸಾಕು, ಇನ್ನೂ ಹೇಳ್ಬೇಕು ಅಂದ್ರೆ ನಮ್ಮ ಸಂಗೀತ ಕೇಳಿ ಬೆಳೆದ ಕಿವಿಗೆ ಇದು ಬೇಗನೇ ಹತ್ತತ್ತೆ.

ನಮ್ಮ ಚಿಕ್ಕಪ್ಪ ಮೈಸೂರಲ್ಲಿ ಹವಾಯಿಯನ್ ಗಿಟಾರ್ ನುಡಿಸ್ತಿದ್ರು. ತೊಡೆ ಮೇಲೆ ಅಡ್ಡ ಮಲಗಿಸ್ಕೊಂಡು, ಎಡಗೈಲಿ ಉಕ್ಕಿನ ತುಂಡು ಹಿಡ್ಕೊಂಡು ಹಳೇ ಸಿನಿಮಾ ಹಾಡುಗಳನ್ನ ನುಡಿಸೋರು, ನಾವು ಮಕ್ಕಳು ಸುತ್ತ ಕೂತ್ಕೊಳ್ತಿದ್ವಿ. ಪೆಡಲ್ ಸ್ಟೀಲ್ ಅದೇ ವಂಶದ ಮಗ. ತಂತಿ ಮೇಲೆ ಉಕ್ಕು ಜಾರಿಸಿ ನುಡಿಸೋ ಈ ಪದ್ಧತಿ ಶುರುವಾಗಿದ್ದು ಹವಾಯಿ ದ್ವೀಪದಲ್ಲಿ, 19ನೇ ಶತಮಾನದ ಕೊನೇಲಿ, ಜೋಸೆಫ್ ಕೆಕುಕು ಅನ್ನೋರ ಹೆಸರು ಅದಕ್ಕೆ ಅಂಟ್ಕೊಂಡಿದೆ. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ದೊಡ್ಡ ವಸ್ತುಪ್ರದರ್ಶನದಲ್ಲಿ ಹವಾಯಿ ಸಂಗೀತ ಕೇಳಿ ಅಮೆರಿಕದ ಜನ ಹುಚ್ಚಾದ್ರು, ಅಲ್ಲಿಂದ ಈ ದನಿ ಹಳ್ಳಿ ಹಾಡುಗಾರರ ಕೈಗೂ ಬಂತು, ಮುಂದೆ ಕಂಟ್ರಿ ಮ್ಯೂಸಿಕ್‌ನ ಗುರುತೇ ಆಯ್ತು. ಆ ಅಲೆಯ ಇನ್ನೊಂದು ಕವಲು ನಮ್ಮ ಕಡೆಗೂ ಬಂದಿದೆ, ಹವಾಯಿಯ ಟೌ ಮೋ 1940ರ ದಶಕದಲ್ಲಿ ಕಲ್ಕತ್ತಾದಲ್ಲೇ ಇದ್ದು ಅಲ್ಲಿಯವರಿಗೆ ಕಲಿಸಿದವರು. ಹಾಗಾಗಿ ಕಂಟ್ರಿಯ ತವರು ನ್ಯಾಶ್‌ವಿಲ್‌ನ ಸ್ಟೀಲೂ ನಮ್ಮ ಚಿಕ್ಕಪ್ಪನ ಗಿಟಾರೂ ದೂರದ ದಾಯಾದಿಗಳು ಅಂದ್ರೆ ತಪ್ಪಿಲ್ಲ.

ಈಗ ವಾದ್ಯ ಹೇಗಿದೆ ನೋಡಿ. ನಾಲ್ಕು ಕಾಲಿನ ಸಣ್ಣ ಮೇಜಿನ ಥರ, ಮೇಲೆ ಸಾಮಾನ್ಯವಾಗಿ 10 ತಂತಿ, ಕೆಲವರ ಹತ್ರ ಪಕ್ಕಪಕ್ಕ ಎರಡು ನೆಕ್, ಅಂದ್ರೆ ಎರಡು ತಂತಿ ಸಾಲು, ಇರತ್ತೆ. ಹಳೇ ಕಂಟ್ರಿಯಲ್ಲಿ ನಿಮಗೆ ಕೇಳೋದು ಹೆಚ್ಚಾಗಿ ಒಂದೇ ನೆಕ್, ಇ ನೈನ್ತ್ ಅಂತ ಅದರ ಟ್ಯೂನಿಂಗ್. ಎಡಗೈಲಿ ಸುಮಾರು 200 ಗ್ರಾಂ ತೂಗೋ ಉಕ್ಕಿನ ಬಾರ್, ಬಲಗೈಲಿ ಹೆಬ್ಬೆರಳಿಗೆ ಒಂದು, ಇನ್ನೆರಡು ಬೆರಳಿಗೆ ಎರಡು ಪಿಕ್, ಸಿತಾರ್‌ನವರ ಮಿಜ್ರಾಬ್ ಇದ್ದ ಹಾಗೆ. ಇಷ್ಟು ಎಲ್ಲರಿಗೂ ಕಾಣತ್ತೆ. ಕಾಣದೇ ಇರೋದು ಮೇಜಿನ ಕೆಳಗಿದೆ: ಎಡಗಾಲಿಗೆ ಮೂರು ಪೆಡಲ್, ಎರಡು ಮಂಡಿಗೂ ತಾಗೋ ಹಾಗೆ ನೇತಾಡೋ ನಾಲ್ಕೈದು ಲಿವರ್, ಬಲಗಾಲಿಗೆ ವಾಲ್ಯೂಮ್ ಪೆಡಲ್. ಒಂದೊಂದು ಪೆಡಲಿಂದ ಒಂದೊಂದು ಸಲಾಕೆ ಮೇಲೆ ಹೋಗಿ, ಒಳಗಡೆ ಬೇರೆ ಸಲಾಕೆಗಳನ್ನ ಎಳೆದು, ಆಯ್ದ ತಂತಿಗಳನ್ನ ಮಾತ್ರ ಬಿಗಿ ಮಾಡತ್ತೆ ಇಲ್ಲಾ ಸಡಿಲ ಮಾಡತ್ತೆ, ಅದೂ ಪ್ರತಿ ಸಲ ಅದೇ ಅಳತೆಗೆ. ಅಂದ್ರೆ ಕೂತಿರೋ ಮನುಷ್ಯನ ಎರಡು ಕೈ, ಎರಡು ಪಾದ, ಎರಡು ಮಂಡಿ ಒಂದೇ ಹೊತ್ತಲ್ಲಿ ಕೆಲಸದಲ್ಲಿರತ್ತೆ, ತಾಳಕ್ಕೆ ಕಾಲು ಕುಣಿಸೋಕೂ ಒಂದು ಕಾಲು ಬಿಡುವಿಲ್ಲ.

ಮೊದಲ ಪಾಠ ಇದು, ಇದೊಂದು ಹಿಡಿದ್ರೆ ಅರ್ಧ ದಾರಿ ಬಂದ ಹಾಗೆ. ಫೋನಲ್ಲಿ ಪಿಯಾನೋ ಆಪ್ ಇದ್ರೆ ತೆಗೀರಿ, ಮನೇಲಿ ಹಾರ್ಮೋನಿಯಂ ಇದ್ರೆ ಇನ್ನೂ ಒಳ್ಳೇದು. ಸ ಗ ಪ ಮೂರೂ ಒಟ್ಟಿಗೆ ಒತ್ತಿ ಹಿಡೀರಿ, ಗ ಅಂದ್ರೆ ಶಂಕರಾಭರಣದ ಗ. ಈಗ ಸ ಬಿಡಬೇಡಿ, ಅದು ಹಾಗೇ ಇರ್ಲಿ, ಗ ಇದ್ದಿದ್ದನ್ನ ಮ ಗೆ, ಪ ಇದ್ದಿದ್ದನ್ನ ದ ಗೆ ಏರಿಸಿ, ಆಮೇಲೆ ವಾಪಸ್ ಇಳಿಸಿ. ಸ ಗ ಪ, ಸ ಮ ದ, ಸ ಗ ಪ. ಹಾಡಿಗೆ ಉಸಿರು ಬಂದ ಹಾಗೆ ಆಗತ್ತಲ್ವಾ, ಪೆಡಲ್ ಸ್ಟೀಲ್‌ನ ಹೃದಯ ಅದೇ. ಎಡಗಾಲಿನ ಮೊದಲ ಎರಡು ಪೆಡಲ್‌ಗಳನ್ನ, ಎ ಮತ್ತೆ ಬಿ ಅಂತಾರೆ ಅವನ್ನ, ಒಟ್ಟಿಗೆ ತುಳಿದ್ರೆ ಆಗೋದು ಇಷ್ಟೇ: ಎ ಪೆಡಲ್ ಪ ಸ್ವರವನ್ನ ದ ಗೆ ಎಳೆಯತ್ತೆ, ಬಿ ಪೆಡಲ್ ಗ ಸ್ವರವನ್ನ ಮ ಗೆ ಎಳೆಯತ್ತೆ, ಸ ತಂತಿ ಅಲ್ಲಾಡಲ್ಲ. ಹಾರ್ಮೋನಿಯಂನಲ್ಲಿ ಒಂದು ಮೆಟ್ಟಿಲಿಂದ ಇನ್ನೊಂದಕ್ಕೆ ಹಾರ್ತೀರಿ, ಇಲ್ಲಿ ನಡುವೆ ಇರೋ ದಾರೀನೂ ಕೇಳತ್ತೆ, ಅದೂ ಪಕ್ಕದಲ್ಲಿ ಸ ನಿಂತ್ಕೊಂಡು ನೋಡ್ತಿರೋವಾಗ.

ಗೋಟುವಾದ್ಯ ಕೇಳಿದೋರು ಇಲ್ಲಿ ಕೇಳ್ಬಹುದು, ಜಾರೋದು ನಮ್ಮಲ್ಲೂ ಇದೆಯಲ್ಲ, ವ್ಯತ್ಯಾಸ ಏನು ಅಂತ. ಗೋಟುವಾದ್ಯದಲ್ಲಿ ಕೋಲು ಜಾರಿದ್ರೆ ಅದರ ಕೆಳಗಿರೋದೆಲ್ಲ ಜಾರತ್ತೆ, ಹವಾಯಿಯನ್ ಗಿಟಾರಲ್ಲೂ ಅಷ್ಟೇ, ಬಾರ್ ಹೊರಟ್ರೆ ಇಡೀ ಸಂಸಾರ ಹೊರಟ ಹಾಗೆ. ಪೆಡಲ್ ಸ್ಟೀಲ್‌ನಲ್ಲಿ ಬಾರ್ ಇದ್ದಲ್ಲೇ ಇರತ್ತೆ, ಮೂರು ಸ್ವರ ಒಟ್ಟಿಗೆ ಮೊಳಗ್ತಿರತ್ತೆ, ಅದರಲ್ಲಿ ಒಂದೋ ಎರಡೋ ಮಾತ್ರ ಎದ್ದು ನಡೆಯತ್ತೆ. ಆದ್ದರಿಂದ ಇನ್ಮೇಲೆ ಸ್ಟೀಲ್ ಕೇಳೋವಾಗೆಲ್ಲ ನಿಮ್ಮನ್ನ ನೀವೇ ಕೇಳ್ಕೊಳ್ಳಿ, ಯಾವ ಸ್ವರ ನಿಂತಿದೆ, ಯಾವುದು ನಡೀತಿದೆ. ಸಾಮಾನ್ಯ ಕೇಳುಗರ ಕಿವಿ ನಡೆಯೋ ಸ್ವರದ ಹಿಂದೆ ಓಡಿಬಿಡತ್ತೆ, ನೀವು ನಿಂತಿರೋದನ್ನ ಹಿಡ್ಕೊಂಡು ಕೂತ್ರೆ ಆಗ ನೋಡಿ, ನಡೆಯೋ ಸ್ವರ ಎಷ್ಟು ದೂರ ಹೋಯ್ತು, ಎಷ್ಟು ನಿಧಾನಕ್ಕೆ ಹೋಯ್ತು, ಎಲ್ಲಿ ಒಂದು ಕ್ಷಣ ಅನುಮಾನಿಸ್ತು ಎಲ್ಲಾ ಕಾಣತ್ತೆ.

ಇದು ಜನರ ಕಿವಿಗೆ ಮೊದಲು ಜೋರಾಗಿ ಬಿದ್ದಿದ್ದು 1954ರಲ್ಲಿ, ವೆಬ್ ಪಿಯರ್ಸ್ ಹಾಡಿದ 'ಸ್ಲೋಲಿ' ಅನ್ನೋ ಹಾಡಲ್ಲಿ, ಸ್ಟೀಲ್ ನುಡಿಸಿದೋರು ಬಡ್ ಐಸಾಕ್ಸ್. ಪೆಡಲ್ ಇರೋ ಸ್ಟೀಲ್ ಅದಕ್ಕೂ ಮುಂಚೆನೇ ಇತ್ತು, ಸ್ಪೀಡಿ ವೆಸ್ಟ್ ಥರದೋರು ನುಡಿಸ್ತಾನೂ ಇದ್ರು, ಆದ್ರೆ ಪೆಡಲ್ ಮುಖ್ಯವಾಗಿ ಟ್ಯೂನಿಂಗ್ ಬದಲಾಯಿಸೋಕೆ ಅಂತ ಇತ್ತು. ಐಸಾಕ್ಸ್ ಮಾಡಿದ್ದೇನಪ್ಪಾ ಅಂದ್ರೆ ತಂತಿ ಮೊಳಗ್ತಿರೋವಾಗ್ಲೇ ಪೆಡಲ್ ತುಳಿದು ಆ ಬದಲಾವಣೆಯನ್ನೇ ಕೇಳಿಸಿದ್ರು. ಹಾಡು ನಂಬರ್ ಒನ್ ಆಯ್ತು, ಉಳಿದ ಸ್ಟೀಲ್‌ನೋರೆಲ್ಲ ತಮ್ಮ ವಾದ್ಯಕ್ಕೂ ಪೆಡಲ್ ಹಾಕ್ಸೋಕೆ ಓಡಿದ್ರು. ಐಸಾಕ್ಸ್‌ಗೆ ಗ-ಮ, ಪ-ದ ಎರಡೂ ಏರ್ತಿದ್ದಿದ್ದು ಒಂದೇ ಪೆಡಲಲ್ಲಿ. ಅದನ್ನ ಎರಡು ಪೆಡಲಿಗೆ ಒಡೆದು ಹಾಕಿದೋರು ಬಡ್ಡಿ ಎಮನ್ಸ್. ಕೇಳೋಕೆ ಸಣ್ಣ ಬದಲಾವಣೆ ಅನ್ಸತ್ತೆ, ಆದ್ರೆ ಹಾರ್ಮೋನಿಯಂಗೆ ವಾಪಸ್ ಹೋಗಿ ನೋಡಿ, ಸ ಗ ಪ ಹಿಡ್ಕೊಂಡು ಪ ಒಂದನ್ನೇ ದ ಗೆ ಕಳಿಸಿ, ಸ ಗ ದ, ಮುಖಕ್ಕೆ ಮೋಡ ಮುಸುಕಿದ ಹಾಗೆ ಆಗತ್ತೆ. ಗ ಒಂದನ್ನೇ ಮ ಗೆ ಕಳಿಸಿ, ಸ ಮ ಪ, ಏನೋ ಹೇಳೋಕೆ ಹೊರಟು ತಡೆದು ನಿಂತ ಹಾಗೆ ಇರತ್ತೆ. ಒಂದು ಪೆಡಲನ್ನ ಒಡೆದು ಎಮನ್ಸ್ ಎಷ್ಟು ಭಾವ ಬಿಡಿಸಿಟ್ರು ಅಂತ ಆಗ ಗೊತ್ತಾಗತ್ತೆ. 1937ರಲ್ಲಿ ಇಂಡಿಯಾನಾದಲ್ಲಿ ಹುಟ್ಟಿದ ಅವರು 18ನೇ ವಯಸ್ಸಿಗೇ ನ್ಯಾಶ್‌ವಿಲ್‌ಗೆ ಬಂದು ಲಿಟಲ್ ಜಿಮ್ಮಿ ಡಿಕನ್ಸ್ ಅವರ ಬ್ಯಾಂಡ್ ಸೇರಿದೋರು, ಆಮೇಲೆ ಅರ್ನೆಸ್ಟ್ ಟಬ್, ರೇ ಪ್ರೈಸ್ ಈ ಗಾಯಕರ ಜೊತೆ ನುಡಿಸಿದ್ರು, ಶಾಟ್ ಜ್ಯಾಕ್ಸನ್ ಜೊತೆ ಶೋ-ಬಡ್ ಅಂತ ಸ್ಟೀಲ್ ತಯಾರಿಸೋ ಕಂಪನಿ ಕಟ್ಟಿದ್ರು, ಆಮೇಲೆ ತಮ್ಮ ಹೆಸರಲ್ಲೇ ಇನ್ನೊಂದು. ಇವತ್ತಿಗೂ ಸ್ಟೀಲ್‌ನೋರು ಅವರ ಹೆಸರು ಹೇಳೋವಾಗ ದನಿ ಸ್ವಲ್ಪ ತಗ್ಗಿಸ್ತಾರೆ, ನಮ್ಮಲ್ಲಿ ಗುರುಗಳ ಹೆಸರು ಹೇಳೋವಾಗ ಕಿವಿ ಮುಟ್ಕೊಳ್ತೀವಲ್ಲ ಹಾಗೆ.

ಎರಡನೇದು ಶ್ರುತಿ. ಇದರಲ್ಲಿ ನಮ್ಮವರ ಕಿವಿ ಚುರುಕು, ಧೈರ್ಯವಾಗಿ ನಂಬಿ. ಸ್ಟೀಲ್ ಮೇಲೆ ಕಾಣೋ ಫ್ರೆಟ್‌ಗಳು, ವೀಣೆಯಲ್ಲಿ ಮೆಟ್ಟು ಅಂತೀವಲ್ಲ ಅವು, ಇಲ್ಲಿ ಬರೀ ಗೆರೆ, ಬಣ್ಣ ಬಳಿದಿರೋದು ಅಷ್ಟೇ, ತಂತಿ ಅದಕ್ಕೆ ತಾಗೋದೇ ಇಲ್ಲ. ಬಾರ್ ಕೂದಲೆಳೆ ಆಚೆ ಹೋದ್ರೂ ಅಪಶ್ರುತಿ. ಜೊತೆಗೆ ಪೆಡಲ್ ತುಳಿದಾಗ ಆ ಎಳೆತಕ್ಕೆ ವಾದ್ಯದ ಮೈ ಸ್ವಲ್ಪ ಬಗ್ಗತ್ತೆ, ಬೇರೆ ತಂತಿಗಳು ಒಂಚೂರು ಇಳಿಯತ್ತೆ, ಅದನ್ನ ಎಡಗೈ ಗೊತ್ತಾಗದ ಹಾಗೆ ಸರಿಮಾಡ್ಕೊಳ್ಬೇಕು. ಇನ್ನೊಂದು ಇದೆ, ನಂಗೆ ತುಂಬಾ ಇಷ್ಟ ಆಗೋ ವಿಷಯ, ಬಹಳಷ್ಟು ಸ್ಟೀಲ್‌ನೋರು ಆ ಗ ಸ್ವರವನ್ನ ಪಿಯಾನೋದಲ್ಲಿರೋ ಗ ಗಿಂತ ಸ್ವಲ್ಪ ಕೆಳಗೇ ಇಟ್ಕೊಳ್ತಾರೆ, ಸ ಜೊತೆ ಸೇರಿದಾಗ ಅಲೆ ಏಳದೆ ನೀರು ನಿಂತ ಹಾಗೆ ಕೇಳಬೇಕು ಅಂತ. ತಂಬೂರಿ ಚೆನ್ನಾಗಿ ಶ್ರುತಿ ಆದಾಗ ಗಾಂಧಾರ ತಾನಾಗೇ ಕೇಳಿಸತ್ತಲ್ಲ, ಹೆಚ್ಚುಕಮ್ಮಿ ಅದೇ ಜಾಗಕ್ಕೆ. ನಿಧಾನದ ಹಾಡಲ್ಲಿ ಸ್ಟೀಲ್ ಒಂದು ಕಾರ್ಡ್, ಅಂದ್ರೆ ಸ ಗ ಪ ಥರ ಒಟ್ಟಿಗೆ ಮೊಳಗೋ ಸ್ವರಗಳ ಗುಂಪು, ಹಿಡಿದು ನಿಂತಾಗ ಮೈಯೆಲ್ಲ ತಣ್ಣಗಾಗತ್ತಲ್ಲ, ಅದಕ್ಕೆ ಇದೂ ಒಂದು ಕಾರಣ.

ಅದೇ ಕಾರ್ಡ್ ಎಷ್ಟು ಮನೇಲಿ ಸಿಗತ್ತೆ ಅನ್ನೋದನ್ನೂ ಗಮನಿಸಿ. ಜಿ ಕಾರ್ಡ್ ತಗೊಳ್ಳಿ, ಪೆಡಲ್ ಇಲ್ಲದೆ 3ನೇ ಫ್ರೆಟ್‌ನಲ್ಲಿದೆ, ಎ ಪೆಡಲೂ ಮಂಡಿಯ ಒಂದು ಲಿವರೂ ಸೇರಿದ್ರೆ 6ನೇ ಫ್ರೆಟ್‌ನಲ್ಲಿದೆ, ಎ ಬಿ ಎರಡೂ ತುಳಿದ್ರೆ 10ರಲ್ಲಿದೆ. ಒಳ್ಳೆ ಕಲಾವಿದರು ಹಾಡು ಅದೇ ಕಾರ್ಡಲ್ಲಿ ನಿಂತಿರೋವಾಗ ಈ ಮೂರು ಮನೆ ನಡುವೆ ಓಡಾಡ್ತಾರೆ, ಬಾರ್ ಜಾರ್ತಿರೋವಾಗ್ಲೇ ಕಾಲೂ ಮಂಡೀನೂ ಬದಲಾಗ್ತಿರತ್ತೆ, ಆದ್ರೆ ಬಂದು ತಲುಪೋವಾಗ ಎಲ್ಲಾ ಒಂದೇ ಕ್ಷಣಕ್ಕೆ ತಲುಪಿರತ್ತೆ. ಇದನ್ನ ಎದುರಿಗೆ ನೋಡಿದ್ರೆ ಬೆರಗಾಗ್ತೀರಿ.

ಬಲಗಾಲಿನ ವಾಲ್ಯೂಮ್ ಪೆಡಲ್ ಬಗ್ಗೆ. ತಂತಿ ಮೀಟಿದಾಗ ಪೆಡಲ್ ಅರ್ಧ ಮಾತ್ರ ತೆರೆದಿರತ್ತೆ, ನಾದ ಕ್ಷೀಣಿಸ್ತಾ ಹೋದ ಹಾಗೆ ಕಾಲು ಮೆಲ್ಲಗೆ ಮುಂದೆ ಒತ್ತತ್ತೆ, ಹಾಗಾಗಿ ಸ್ವರ ಕುಗ್ಗದೆ ನಿಂತಿರತ್ತೆ, ಪಿಟೀಲಿನ ಕಮಾನಿನ ಥರ. ಚೆನ್ನಾಗಿ ಮಾಡಿದ್ರೆ ನಿಮಗೆ ಅದು ಗೊತ್ತೇ ಆಗಬಾರದು. ಪ್ರತಿ ಸ್ವರಾನೂ ಉಯ್ಯಾಲೆ ಥರ ಉಬ್ಬಿ ಬರ್ತಿದ್ರೆ ಆ ಕಾಲು ಇನ್ನೂ ಪಳಗಿಲ್ಲ ಅಂತ ಲೆಕ್ಕ. ಹಾಗೇ ಬಾರನ್ನ ಸದಾ ನಡುಗಿಸ್ತಾನೇ ಇದ್ರೆ ಶ್ರುತಿ ಮುಚ್ಕೊಳ್ತಿದಾರೆ ಅನ್ನೋ ಅನುಮಾನ ಬರತ್ತೆ, ಪಳಗಿದೋರು ಸ್ವರವನ್ನ ಮೊದಲು ನೇರವಾಗಿ ಇಟ್ಟು, ಒಂದು ಗಳಿಗೆ ಬಿಟ್ಟು, ಆಮೇಲೆ ಮೆಲ್ಲಗೆ ಅಲುಗಿಸ್ತಾರೆ. ಮತ್ತೆ ಬಲಗೈ ಅಂಚು ನೋಡಿ, ಮೀಟಿದ ತಂತಿಯನ್ನ ಮುಂದಿನದು ಬರೋ ಮುಂಚೆ ಅಂಗೈ ಅಂಚಲ್ಲಿ ಮುಟ್ಟಿ ಸುಮ್ಮನಾಗಿಸ್ತಿರ್ತಾರೆ. 10 ತಂತಿ ಬಿಟ್ಟ ಹಾಗೇ ಮೊಳಗ್ತಿದ್ರೆ ಕಲಸುಮೇಲೋಗರ ಆಗತ್ತೆ, ವೇಗದ ಜಾಗದಲ್ಲಿ ಒಂದೊಂದು ಸ್ವರಾನೂ ಮುತ್ತು ಪೋಣಿಸಿದ ಹಾಗೆ ಬಿಡಿಬಿಡಿಯಾಗಿ ಬಂತು ಅಂದ್ರೆ ಆ ಅಂಗೈ ಅಂಚಿಗೆ ಕೈ ಮುಗೀಬೇಕು.

ಆದ್ರೆ ನನ್ನ ಕೇಳಿದ್ರೆ ಇದೆಲ್ಲಕ್ಕಿಂತ ಮೇಲೆ ಒಂದಿದೆ, ಸುಮ್ಮನಿರೋದು. ನಮ್ಮ ಕಚೇರೀಲಿ ಪಿಟೀಲು ಹಾಡೋರ ನೆರಳಿನ ಥರ ಹಿಂದೇನೇ ಬರತ್ತೆ, ಇಲ್ಲಿ ಹಾಗಲ್ಲ. ಹಾಡೋರು ಸಾಲು ಹೇಳೋವಾಗ ಸ್ಟೀಲ್ ಬಾಯಿ ಮುಚ್ಕೊಂಡಿರತ್ತೆ, ಇಲ್ಲಾ ತುಂಬಾ ಮೆತ್ತಗೆ ಒಂದು ಸ್ವರ ಹಿಡ್ಕೊಂಡಿರತ್ತೆ, ಸಾಲು ಮುಗಿದು ಹಾಡೋರು ಉಸಿರು ತಗೊಳ್ಳೋ ಆ ಸಂದಿನಲ್ಲಿ ಬಂದು ಎರಡು ಮಾತು ಹೇಳಿ, ಮುಂದಿನ ಸಾಲಿನ ಮೊದಲ ಅಕ್ಷರಕ್ಕೆ ಸರಿಯಾಗಿ ಪಕ್ಕಕ್ಕೆ ಸರೀಬೇಕು. ಫಿಲ್ ಅಂತಾರೆ ಅದನ್ನ. ಬ್ಯಾಂಡಲ್ಲಿ ಪಿಟೀಲೂ ಇದ್ರೆ ಒಂದು ಚರಣ ಇವರದು, ಇನ್ನೊಂದು ಚರಣ ಅವರದು ಅಂತ ಹಂಚ್ಕೊಳ್ತಾರೆ. ಲಾಯ್ಡ್ ಗ್ರೀನ್ ಈ ವಿಷಯದಲ್ಲಿ ನನ್ನ ಪಾಲಿಗೆ ದೊಡ್ಡೋರು, 1960ರ ದಶಕದ ಜಾನಿ ಪೇಚೆಕ್ ರೆಕಾರ್ಡ್‌ಗಳಲ್ಲಿ ಅವರು ಬೇಕಾದಷ್ಟು ಜೋರಾಗಿ ಮುಂದೆ ಬರ್ತಾರೆ, ಅದೇ ಮನುಷ್ಯ ಬೇರೆ ಕಡೆ ಎರಡೇ ಸ್ವರ ಇಟ್ಟು ಹೊರಟುಹೋಗ್ತಾರೆ, ಹಾಡು ಕೇಳಿದ್ದಷ್ಟೇ ಕೊಡೋದು. ಫಿಲ್ ಕೇಳೋವಾಗ ಅದು ಹಾಡಿನ ಆ ಸಾಲಿಗೆ ಉತ್ತರ ಕೊಡ್ತಿದೆಯಾ ಇಲ್ವಾ ಅಂತ ನೋಡಿ. ಬಿಟ್ಟು ಹೋದ ಹೆಂಡತಿ ಬಗ್ಗೆ ಸಾಲು ಬಂದಾಗ ಸ್ಟೀಲ್ ಅಲ್ಲಿ ಕೆಳಗಿಳಿದು ಗ ಮೇಲೆ ಕೂರದೆ ಹಾಗೇ ಬಿಟ್ರೆ, ಅವರು ಮಾತು ಕೇಳಿಸ್ಕೊಂಡು ನುಡಿಸ್ತಿದಾರೆ ಅಂತ ಅರ್ಥ.

ಎಲ್ಲಿಂದ ಶುರು ಮಾಡೋದು ಅಂದ್ರೆ ನಾನು ಹೇಳೋದು ಒಂದೇ, 1964ರ ಬಕ್ ಓವೆನ್ಸ್ ಹಾಡು 'ಟುಗೆದರ್ ಅಗೇನ್', ಸ್ಟೀಲ್ ಟಾಮ್ ಬ್ರಮ್ಲಿ. ರೆಕಾರ್ಡಿನ ಎರಡನೇ ಬದಿಗೆ ಅಂತ ಹಾಕಿದ್ದ ಹಾಡು, ಮೊದಲ ಬದಿ ಜೊತೆ ಇದೂ ನಂಬರ್ ಒನ್ ಆಯ್ತು. ನಡುವೆ ಸ್ಟೀಲ್ ಸೋಲೋ ಬರತ್ತೆ, ಹಾಡು ನಿಧಾನ ಇರೋದ್ರಿಂದ ಎಲ್ಲಾ ಬಿಡಿಸಿ ಕೇಳಬಹುದು. ಮೂರು ಸಲ ಕೇಳಿ, ಇಯರ್‌ಫೋನ್ ಹಾಕ್ಕೊಂಡು. ಮೊದಲ ಸಲ ಸುಮ್ಮನೆ ಕೇಳಿ, ಏನೂ ಲೆಕ್ಕ ಹಾಕಬೇಡಿ. ಎರಡನೇ ಸಲ ಬರೀ ನಿಂತಿರೋ ಸ್ವರದ ಮೇಲೆ ಗಮನ ಇಡಿ, ಸಾಧ್ಯ ಆದ್ರೆ ಅದನ್ನ ಬಾಯಲ್ಲಿ ಗುನುಗಿ. ಮೂರನೇ ಸಲ ಸ್ವರ ಏರೋ ವೇಗ ಮಾತ್ರ ನೋಡಿ, ಪೆಡಲ್ ಅಂದ್ರೆ ಸ್ವಿಚ್ ಅಲ್ಲ, ಎಷ್ಟು ನಿಧಾನಕ್ಕೆ ಬೇಕಾದ್ರೂ ತುಳೀಬಹುದು, ಆ ಪಾದದ ಗತಿಯಲ್ಲೇ ಇಡೀ ಸಂಕಟ ಇದೆ. ಆಮೇಲೆ 2013ರಲ್ಲಿ ವಿನ್ಸ್ ಗಿಲ್ ಜೊತೆ ಪಾಲ್ ಫ್ರಾಂಕ್ಲಿನ್ ಅದೇ ಹಾಡನ್ನ 'ಬೇಕರ್ಸ್‌ಫೀಲ್ಡ್' ಆಲ್ಬಂಗೆ ಮತ್ತೆ ನುಡಿಸಿದಾರೆ, ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ, ಒಂದೇ ಕೃತಿಯನ್ನ ಇಬ್ಬರು ವಿದ್ವಾಂಸರಿಂದ ಕೇಳಿದ ಹಾಗಿರತ್ತೆ.

ಅದು ಒಗ್ಗಿದ ಮೇಲೆ ಕಾನಿ ಸ್ಮಿತ್ ಅವರ 1964ರ 'ಒನ್ಸ್ ಎ ಡೇ', ವೆಲ್ಡನ್ ಮೈರಿಕ್ ನುಡಿಸಿದ್ದು, ದೊಡ್ಡ ಕಂಠದ ಪಕ್ಕದಲ್ಲಿ ಸ್ಟೀಲ್ ಹೇಗೆ ಹೊಳೀಬೇಕು ಅಂತ ಅದರಲ್ಲಿ ಗೊತ್ತಾಗತ್ತೆ. ಎತ್ತರದ ತಾರದಲ್ಲಿ ಅಳೋ ದನಿ ಬೇಕಾ, 1991ರ ವಿನ್ಸ್ ಗಿಲ್ ಹಾಡು 'ಲುಕ್ ಅಟ್ ಅಸ್' ಶುರುವಾಗೋದೇ ಜಾನ್ ಹ್ಯೂಯಿ ಸ್ಟೀಲಿಂದ. ಅಳು ಸಾಕು ಕುಣಿಬೇಕು ಅಂದ್ರೆ ರಾಲ್ಫ್ ಮೂನಿ, 1966ರ ಹೊತ್ತಿನ ಮೆರ್ಲ್ ಹ್ಯಾಗರ್ಡ್ ರೆಕಾರ್ಡ್‌ಗಳಲ್ಲಿ ಸಿಗ್ತಾರೆ, ಸ್ವರಗಳು ಬಿಸಿ ಬಾಣಲೆ ಮೇಲೆ ಸಾಸಿವೆ ಸಿಡಿದ ಹಾಗೆ ಚಟಪಟ ಅಂತಿರತ್ತೆ. ನೀವು ಬೀಟಲ್ಸ್ ಕೇಳಿ ಈ ಕಡೆ ಬಂದೋರಾದ್ರೆ ಜಾರ್ಜ್ ಹ್ಯಾರಿಸನ್ ಅವರ 1970ರ ಆಲ್ಬಂನಲ್ಲಿ ಪೀಟ್ ಡ್ರೇಕ್ ಅವರನ್ನ ಆಗಲೇ ಕೇಳಿರ್ತೀರಿ, ಹೆಸರು ಗೊತ್ತಿರಲ್ಲ ಅಷ್ಟೇ.

ಎದುರಿಗೆ ನೋಡೋ ಅವಕಾಶ ಸಿಕ್ರೆ ಬಿಡಬೇಡಿ. ಅಮೆರಿಕದಲ್ಲಿ ಕೆಲಸಕ್ಕೋ ಓದೋಕೋ ಇರೋ ನಮ್ಮವರು ನ್ಯಾಶ್‌ವಿಲ್ ಕಡೆ ಹೋದ್ರೆ ಲೋಯರ್ ಬ್ರಾಡ್‌ವೇನಲ್ಲಿ ರಾಬರ್ಟ್ಸ್ ವೆಸ್ಟರ್ನ್ ವರ್ಲ್ಡ್ ಇದೆ, ಅಲ್ಲಿ ಹಳೇ ಕಂಟ್ರೀನೇ ನುಡಿಸೋದು, ಹಿಂದೆ ಅದೇ ಕಟ್ಟಡದಲ್ಲೇ ಶೋ-ಬಡ್ ಅಂಗಡಿ ಇತ್ತು. ಎಲ್ಲೇ ಹೋಗಿ, ವೇದಿಕೆ ನಡುಮಧ್ಯ ಕೂರಬೇಡಿ, ಸ್ಟೀಲ್ ಇರೋ ಪಕ್ಕಕ್ಕೆ, ಮೇಜಿನ ಕೆಳಗೆ ಕಾಲು ಕಾಣೋ ಹಾಗೆ ಕೂತ್ಕೊಳ್ಳಿ. ಮೊದಲು ಎರಡು ಹಾಡು ಕೈ ನೋಡದೆ ಬರೀ ಎಡಗಾಲು ನೋಡಿ. ಎ ಬಿ ಎರಡನ್ನೂ ಒಂದೇ ಪಾದದಲ್ಲಿ ತುಳಿದಿದ್ದು, ಆಮೇಲೆ ಹಿಮ್ಮಡಿ ಎತ್ತದೆ ಹೆಜ್ಜೆಯನ್ನ ಒಂದು ಕಡೆ ವಾಲಿಸಿ ಎ ಮಾತ್ರ ಬಿಟ್ಟಿದ್ದು ಕಾಣತ್ತೆ, ಆಗ ಕಿವಿಗೆ ಬಂದ ಬದಲಾವಣೆಗೂ ಕಣ್ಣಿಗೆ ಕಂಡ ಪಾದಕ್ಕೂ ಸಂಬಂಧ ಕೂಡ್ಕೊಳ್ಳತ್ತೆ. ಜೋರು ಸೋಲೋಗೆ ಎಲ್ಲರೂ ಚಪ್ಪಾಳೆ ತಟ್ತಾರೆ, ನೀವು ಫಿಲ್‌ಗಳನ್ನ ಕಾಯಿರಿ. ವಾದ್ಯದ ಹತ್ರ ಗ್ಲಾಸ್ ತಗೊಂಡು ಹೋಗಬೇಡಿ, ಅದರ ಮೇಲೆ ಕೈ ಊರಬೇಡಿ, ಕೆಳಗಿರೋ ಸಲಾಕೆಗಳೆಲ್ಲ ಅಳತೆಗೆ ಕೂರಿಸಿರೋದು. ಟಿಪ್ ಡಬ್ಬ ಬಂದಾಗ ಧಾರಾಳವಾಗಿ ಹಾಕಿ, ಕೇಸ್ ಸಮೇತ ಮೂವತ್ತು ಕಿಲೋ ಹತ್ರ ತೂಗೋ ವಾದ್ಯವನ್ನ ಅವರೇ ಹೊತ್ಕೊಂಡು ಬಂದಿರ್ತಾರೆ.

ಮಾತಾಡಿಸಬೇಕು ಅನ್ಸಿದ್ರೆ ಬ್ರೇಕ್‌ವರೆಗೂ ಕಾಯಿರಿ, ಹೋಗಿ ಸುಮ್ನೆ ತುಂಬಾ ಚೆನ್ನಾಗಿತ್ತು ಅನ್ನೋ ಬದಲು ಒಂದು ಜಾಗ ಹೆಸರಿಸಿ. ಟೆಕ್ಸಾಸ್‌ನ ಒಂದು ಸಣ್ಣ ಡ್ಯಾನ್ಸ್ ಹಾಲಲ್ಲಿ ನಾನು ಹಾಗೇ ಮಾಡಿದ್ದೆ. ಅರವತ್ತು ದಾಟಿದ ಹಿರಿಯರು, ಇಡೀ ಸೆಟ್‌ನಲ್ಲಿ ತಲೆ ಎತ್ತಿದ್ದು ಕಮ್ಮಿ. ಹತ್ರ ಹೋಗಿ, ಆ ನಿಧಾನದ ಹಾಡಲ್ಲಿ ಎರಡನೇ ಚರಣ ಮುಗಿದ ತಕ್ಷಣ ನೀವು ಒಂದು ಸ್ವರ ಏರಿಸೋಕೆ ಹೊರಟು, ಅರ್ಧದಲ್ಲಿ ನಿಲ್ಲಿಸಿ, ಹಾಡೋಳು ಉಸಿರು ಎಳೆದಾದ್ಮೇಲೆ ಪೂರ್ತಿ ಮಾಡಿದ್ರಲ್ಲ, ಅದು ಬೇಕಂತ್ಲೇ ಮಾಡಿದ್ದಾ ಅಂತ ಕೇಳಿದೆ. ಅವರು ಏನೂ ಹೇಳ್ಲಿಲ್ಲ. ನನ್ನ ಮುಖ ನೋಡಿ ಸ್ಟೂಲ್ ಮೇಲೆ ವಾಪಸ್ ಕೂತ್ರು, ಆಂಪ್ ಆಫ್ ಆಗಿತ್ತು, ತಂತಿಯ ಬರೀ ದನಿ, ಬಗ್ಗಿ ಕಿವಿ ಕೊಡಬೇಕು ಅಷ್ಟು ಸಣ್ಣದು. ಎರಡು ತಂತಿ ಮೀಟಿದ್ರು. ಎಡ ಬೂಟು ಎ ಪೆಡಲ್ ಮೇಲೆ ಇಳಿಯೋಕೆ ಶುರುವಾಗಿ ನಡುವೆ ನಿಂತ್ಕೊಳ್ತು, ಸ ಗಟ್ಟಿಯಾಗಿ ನಿಂತಿತ್ತು, ಪ ಇನ್ನೂ ದ ಆಗಿರ್ಲಿಲ್ಲ, ಅವರು ಗಾಯಕಿ ಕೂತಿದ್ದ ಕಡೆ ಗದ್ದ ತೋರಿಸಿ ಒಂದು ಉಸಿರು ಕಾದ್ರು, ಆಮೇಲೆ ಬೂಟನ್ನ ಪೂರ್ತಿ ಕೆಳಕ್ಕೆ ಬಿಟ್ರು.